ಹಬ್ಬದ ಹೆಸರಿನ ಟ್ಯೂಬುಗಳು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಜಯನಗರದ ನಮ್ಮ ಬೀದಿಯ ಯಾವ ಮನೆಗೆ ಹೋಗಿ ಚರ್ಮಕ್ಕೆ ಹಚ್ಚುವ ಮುಲಾಮಿನ ಟ್ಯೂಬ್ ಕೇಳಿದರೂ, ಅದರ ಹೊಟ್ಟೆಯ ಮೇಲೆ ಒಂದು ಬಿಳಿ ಪ್ಲಾಸ್ಟರ್ ತುಂಡು, ಆ ತುಂಡಿನ ಮೇಲೆ ಎರಡು ಹಬ್ಬಗಳ ಹೆಸರು ಇರುತ್ತಿದ್ದವು. ‘ಯುಗಾದಿ – ಗೌರಿ.’ ‘ಗೌರಿ – ಸಂಕ್ರಾಂತಿ.’ ಹೊಸದಾಗಿ ಬಾಡಿಗೆಗೆ ಬಂದವರು ಇದೇನು ಮುಲಾಮೋ ಪ್ರಸಾದವೋ ಎಂದು ತಬ್ಬಿಬ್ಬಾಗುತ್ತಿದ್ದರು. ಮೊದಲನೆಯದು ಟ್ಯೂಬಿನ ಮುಚ್ಚಳ ತೆಗೆದ ಹಬ್ಬ. ಎರಡನೆಯದು, ಒಳಗೆ ಮುಲಾಮು ಉಳಿದಿರಲಿ ಬಿಡಲಿ, ಅದನ್ನು ಬಿಸಾಡಬೇಕಾದ ಹಬ್ಬ. ಹೀಗೆ ಬರೆದುಕೊಡುತ್ತಿದ್ದವರು ನಮ್ಮ ಔಷಧಿ ಅಂಗಡಿಯ ಅಕ್ಕ.

ಹೆಸರು ಬೇಡ. ಬದುಕಿದ್ದಾಗಲೂ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಅಂಗಡಿಯ ಗೋಡೆಯಲ್ಲಿ ಕಟ್ಟು ಹಾಕಿಸಿ ನೇತುಹಾಕಿದ್ದ ಫಾರ್ಮಸಿ ಸರ್ಟಿಫಿಕೇಟಿನಲ್ಲಿ ಇತ್ತು, ಅಷ್ಟೇ. ಹಿಟ್ಟಿನ ಗಿರಣಿಗೂ ಟೈಲರ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಇಕ್ಕಟ್ಟು ಅಂಗಡಿ ಅದು. ಗಿರಣಿ ಓಡುವಾಗ ಔಷಧಿ ಬಾಟಲಿಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ಅಂಗಡಿ ಅವರ ಅಣ್ಣನದು, ಓದಿದವರು ಇವರು. ಅಣ್ಣ ಬೆಳಿಗ್ಗೆ ಬಾಗಿಲು ತೆಗೆದು ಗಣಪತಿಗೆ ಊದುಬತ್ತಿ ಹಚ್ಚಿ ಪೇಪರ್ ಹಿಡಿದು ಕೂತರೆ ಅವರ ಕೆಲಸ ಮುಗಿಯಿತು. ಮಿಕ್ಕಿದ್ದೆಲ್ಲ ಅಕ್ಕನೇ. ನಲವತ್ತರ ಆಸುಪಾಸಿನ ಹೆಂಗಸು, ಗಂಜಿ ಹಾಕಿದ ಕೈಮಗ್ಗದ ಸೀರೆ, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಕನ್ನಡಕ. ಮದುವೆ ಆಗಿರಲಿಲ್ಲ.

ಅವರ ಕೆನ್ನೆಗಳ ವಿಷಯ ಮೊದಲೇ ಹೇಳಿಬಿಡಬೇಕು, ಏಕೆಂದರೆ ಇಡೀ ಬೀದಿಗೆ ಅದೇ ಒಂದು ಕುತೂಹಲ. ಎರಡು ಕೆನ್ನೆಗಳೂ ಸದಾ ಕೆಂಪು. ನಾಚಿಕೊಂಡವರ ಹಾಗೆ, ಇಲ್ಲವೇ ಈಗಷ್ಟೇ ಯಾರ ಮೇಲೋ ರೇಗಿ ಬಂದವರ ಹಾಗೆ. ಕೆಲವರು ರೂಜ್ ಬಣ್ಣ ಹಚ್ಚುತ್ತಾರೆ ಎಂದರು. ಕೆಲವರು ಬಿ.ಪಿ. ಎಂದರು. ನಮ್ಮ ಪಕ್ಕದ ಮನೆ ಪದ್ಮಮ್ಮ, ಅವರ ತಾಯಿಯ ಕಡೆಯವರು ಕಾಶ್ಮೀರದವರಂತೆ ಎಂದು ಹೇಳಿ, ಅದನ್ನು ತಾವೇ ನಂಬಿಕೊಂಡಿದ್ದರು. ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ನಾನೂ ಬಾಯಿಬಡುಕಿಯೇ, ಆದರೂ ನನ್ನಿಂದಲೂ ಆಗಲಿಲ್ಲ. ಪ್ರಶ್ನೆ ಕೇಳುವ ಅಧಿಕಾರವೆಲ್ಲ ಆ ಅಂಗಡಿಯಲ್ಲಿ ಅವರೊಬ್ಬರದೇ ಆಗಿತ್ತು.

ಅವರ ಪ್ರಶ್ನೆಗಳೋ, ಅಬ್ಬಾ! ತುರಿಕೆಗೆ ಒಂದು ಟ್ಯೂಬ್ ಕೊಡಿ ಎಂದು ಹೋದರೆ ಟ್ಯೂಬ್ ಕೈಗೆ ಬರುವ ಮೊದಲು ಪರೀಕ್ಷೆ ಬರೆದ ಹಾಗಾಗುತ್ತಿತ್ತು. ಹಳೇದು ಎಲ್ಲಿ? ಎಲ್ಲಿಟ್ಟಿದ್ರಿ? ಸ್ನಾನದ ಮನೇಲಾ? ಹಂಡೆ ಪಕ್ಕದಲ್ಲಾ? ಒಲೆ ಮೇಲಿನ ಗೂಡಲ್ಲಾ? ಯಾರ್ಯಾರು ಹಚ್ಕೊಂಡ್ರಿ? ಹಚ್ಚೋ ಮುಂಚೆ ಕೈ ತೊಳ್ಕೊಂಡ್ರಾ? ಕೊನೆಯದಂತೂ ಅವರ ಮಂತ್ರ. ಸಂತೆಯಲ್ಲಿ ಎದುರಾದರೂ ‘ಚೆನ್ನಾಗಿದೀರಾ’ ಎನ್ನುವ ಬದಲು ಅದನ್ನೇ ಕೇಳಿಬಿಡುತ್ತಾರೇನೋ ಎಂದು ನಾವು ನಗುತ್ತಿದ್ದೆವು.

ಹಬ್ಬದ ಹೆಸರು ಬರೆಯುವ ಪದ್ಧತಿ ಹುಟ್ಟಿದ್ದಕ್ಕೂ ಒಂದು ಕಥೆಯಿದೆ. ಮೊದಲು ಅವರೂ ಎಲ್ಲರ ಹಾಗೆ ತಾರೀಖನ್ನೇ ಬರೆಯುತ್ತಿದ್ದರಂತೆ. ಒಬ್ಬರು ಅಜ್ಜಿಗೆ ಕಾಲಿನ ಇಸುಬಿಗೆ ಟ್ಯೂಬ್ ಕೊಟ್ಟು ಮೇಲೆ ‘10–8’ ಎಂದು ಬರೆದಿದ್ದರು. ಅಜ್ಜಿ ಅದನ್ನು ದಿನಕ್ಕೆ ಹತ್ತು ಸಲ, ಎಂಟು ದಿನ ಎಂದು ತಿಳಿದು, ಕೂತಲ್ಲಿ ನಿಂತಲ್ಲಿ ಹಚ್ಚಿ, ಕಾಲಿನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಬಂದರು. ಅಕ್ಕ ಅವತ್ತೇ ತಾರೀಖು ಬಿಟ್ಟರು. “ನಮ್ಮ ಹೆಂಗಸರಿಗೆ ತಾರೀಖು ಮರೆಯುತ್ತೆ, ಹಬ್ಬ ಮರೆಯಲ್ಲ” ಎನ್ನುತ್ತಿದ್ದರು. ಹಬ್ಬಕ್ಕೆ ಮೊದಲು ಮನೆ ಗುಡಿಸಿ ಸಾರಿಸುವಾಗ ಟ್ಯೂಬೂ ಕಣ್ಣಿಗೆ ಬೀಳುತ್ತದೆ, ಹೆಸರೂ ಕಣ್ಣಿಗೆ ಬೀಳುತ್ತದೆ. ಧೂಳಿನ ಜೊತೆ ಅದೂ ಹೊರಗೆ.

“ಕಂಪನಿಯವರು ತಾರೀಖು ಒತ್ತಿರ್ತಾರಲ್ಲಕ್ಕಾ?” ಎಂದು ಯಾರಾದರೂ ಕೇಳಿದರೆ ಅವರಿಗೆ ಖುಷಿ. ಟ್ಯೂಬಿನ ಬಾಲ ತೋರಿಸುತ್ತಿದ್ದರು. ಆಗ ಸೀಸದ ಹಾಗಿದ್ದ ಲೋಹದ ಟ್ಯೂಬು. ತಾರೀಖು ಒತ್ತಿರುವುದು ಬಾಲದ ಮಡಿಕೆಯಲ್ಲಿ. ನಾವು ಜಾಣೆಯರು ಒಂದು ಚೂರೂ ಹಾಳಾಗಬಾರದೆಂದು ಬಾಲದಿಂದಲೇ ಸುರುಳಿ ಸುತ್ತಿಕೊಂಡು ಬರುತ್ತೇವಲ್ಲ, ಮೊದಲು ಸುರುಳಿಯೊಳಗೆ ಹೋಗುವುದೇ ಆ ತಾರೀಖು. “ಅದೂ ಅಲ್ದೆ ಅದು ಮುಚ್ಚಳ ತೆಗೀದೇ ಇರೋ ಟ್ಯೂಬಿನ ತಾರೀಖು. ತೆಗೆದ ಮೇಲೆ ಬೇರೆ ಲೆಕ್ಕ. ಉಪ್ಪಿನಕಾಯಿ ಭರಣೀಗೆ ಒದ್ದೆ ಕೈ ಹಾಕ್ತೀರಾ?” ಅಯ್ಯಯ್ಯೋ ಎಂದು ಎಲ್ಲರೂ ತಲೆಯಾಡಿಸುತ್ತಿದ್ದರು. “ಮತ್ತೆ ಮುಲಾಮಿಗೆ ಯಾಕೆ ಹಾಕ್ತೀರಾ?” ಒಣ ಚರ್ಮಕ್ಕೆ ಹಚ್ಚುವ ಬರೀ ಜಿಡ್ಡಿನ ಮುಲಾಮನ್ನು ಡಬ್ಬಿಯಲ್ಲಿ ಕೊಡುವಾಗ ಅದರ ಜೊತೆಗೆ ಐಸ್‌ಕ್ರೀಮಿನ ಚಪ್ಪಟೆ ಮರದ ಚಮಚ ಒಂದು ಕಟ್ಟಿಕೊಡುತ್ತಿದ್ದರು, ಬೆರಳು ಹಾಕಕೂಡದು ಎಂದು. ಅದನ್ನು ಹಚ್ಚಿಕೊಂಡ ಕೈಯಲ್ಲಿ ಸ್ಟೌವ್ ಹಚ್ಚಬೇಡಿ, ಸೆರಗಿಗೆ ಒರೆಸಿ ದೀಪದ ಹತ್ತಿರ ನಿಲ್ಲಬೇಡಿ, ಜಿಡ್ಡು ಕುಡಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತೆ ಎಂದೂ ಹೇಳುತ್ತಿದ್ದರು.

ಈಗ ನನ್ನ ಕೈಗೆ ಬರುತ್ತೇನೆ.

ಮಗಳು ಪುಟ್ಟಿ ಹುಟ್ಟಿದ ಮೇಲೆ ನನ್ನ ಎರಡೂ ಕೈಗಳಿಗೆ ಇಸುಬು ಹತ್ತಿತು. ಬೆರಳ ಸಂದಿಯಲ್ಲಿ ಕೆಂಪಗೆ ಗುಳ್ಳೆ ಎದ್ದು, ಒಡೆದು, ಒಣಗಿ, ಬಿರಿದು, ಮುಷ್ಟಿ ಹಿಡಿದರೆ ರಕ್ತ. ತವರಿನಿಂದ ಮಗುವಿನ ಜೊತೆ ಜಯನಗರದ ಅತ್ತೆಮನೆಗೆ ಬಂದ ದಿನ ಅತ್ತೆ ಬಾಗಿಲಲ್ಲಿ ಆರತಿ ಎತ್ತಿದರು, ಮಗುವನ್ನು ಎತ್ತಿಕೊಂಡರು, ಆಮೇಲೆ ನನ್ನ ಕೈ ನೋಡಿದರು.

“ಈ ಕೈಯಲ್ಲಿ ಮಗು ಮುಟ್ಬೇಡಮ್ಮ. ಅಂಟುತ್ತೆ” ಎಂದರು.

ಕೆಟ್ಟ ಹೆಂಗಸಲ್ಲ ನಮ್ಮತ್ತೆ. ಅದನ್ನು ಬೈಗುಳದ ದನಿಯಲ್ಲಿ ಹೇಳಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಅವರು ಹೇಳಿದ್ದು ಮೆತ್ತಗೆ, ಮಗುವಿನ ಮೇಲಿನ ಪ್ರಾಣದಿಂದ. ಅದಕ್ಕೆ ಏನು ಮಾಡುತ್ತೀರಿ? ಅಂದಿನಿಂದ ಪುಟ್ಟಿಗೆ ಎಣ್ಣೆ ಹಚ್ಚುವವರು ಅವರು, ನೀರು ಹಾಕುವವರು ಅವರು, ತೊಟ್ಟಿಲು ತೂಗುವವರು ಅವರು. ಹಾಲು ಕುಡಿಸುವ ಹೊತ್ತಿಗೆ ಮಾತ್ರ ನನ್ನ ಎರಡೂ ಕೈಗೆ ಹಳೆ ಪಂಚೆಯ ಬಟ್ಟೆ ಸುತ್ತಿ ಮಗುವನ್ನು ತೊಡೆಯ ಮೇಲೆ ಮಲಗಿಸುತ್ತಿದ್ದರು. ನನ್ನ ಮಗಳ ಕೆನ್ನೆ ಹೇಗಿದೆ, ಮೆತ್ತಗಿದೆಯೋ ಬಿಸಿಯಾಗಿದೆಯೋ, ನನಗೆ ಗೊತ್ತಿರಲಿಲ್ಲ. ಬಟ್ಟೆಯೊಳಗಿಂದ ಏನು ಗೊತ್ತಾಗುತ್ತದೆ? ಬಚ್ಚಲಲ್ಲಿ ಕೂತು ಅತ್ತಿದ್ದೇನೆ, ಸುಳ್ಳೇಕೆ. ನನ್ನ ಯಜಮಾನರು ಒಳ್ಳೆಯವರು, ಆದರೆ ತಾಯಿಗೆ ಎದುರಾಡಿದವರಲ್ಲ. “ವಾಸಿಯಾಗ್ಲಿ ಬಿಡೇ, ಆಮೇಲೆ ಎತ್ಕೊಳೋದು ಇದ್ದೇ ಇದೆ” ಎಂದುಬಿಟ್ಟರು.

ಕೈ ವಾಸಿಯಾಗಲೆಂದು ಬನಶಂಕರಿ ಅಮ್ಮನಿಗೆ ಹರಕೆ ಹೊತ್ತೆ. ಒಂಬತ್ತು ಮಂಗಳವಾರ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ. ಶ್ರಾವಣದ ಮೊದಲ ಮಂಗಳವಾರ ಶುರು ಮಾಡಿದೆ. ಮಧ್ಯಾಹ್ನ ಮೂರಕ್ಕೆ ಅಲ್ಲಿರಬೇಕು, ಹಣ್ಣು ಹೆಚ್ಚಬೇಕು, ರಸ ಹಿಂಡಬೇಕು, ಸಿಪ್ಪೆಯನ್ನು ಒಳಹೊರಗು ಮಾಡಿ ಬಟ್ಟಲಾಗಿಸಿ ತುಪ್ಪ ಹಾಕಿ ಬತ್ತಿ ಹಚ್ಚಬೇಕು. ರಸ ಬಿರುಕಿಗೆ ಇಳಿಯುವಾಗ ಉರಿ ನೆತ್ತಿಗೇರುತ್ತಿತ್ತು. ತಾಯಿ, ಈ ಉರಿಯನ್ನೂ ನಿನಗೇ ಒಪ್ಪಿಸಿದ್ದೇನೆ ಎಂದುಕೊಂಡು ಹಲ್ಲು ಕಚ್ಚಿ ಹಿಂಡುತ್ತಿದ್ದೆ. ಅಂಥ ಪೆದ್ದಿ ನಾನು.

ಜೊತೆಗೆ ಪದ್ಮಮ್ಮನವರು ಒಂದು ಟ್ಯೂಬ್ ಕೊಟ್ಟಿದ್ದರು. ಅವರಿಗೆ ಅದು ಅವರ ನಾದಿನಿಯಿಂದ ಬಂದದ್ದು, ನಾದಿನಿಗೆ ಎಲ್ಲಿಂದ ಬಂದಿತೋ ದೇವರೇ ಬಲ್ಲ. ಆಗ ಮುಲಾಮು ಹೆಪ್ಪಿನ ಮೊಸರಿನ ಹಾಗೆ ಮನೆಯಿಂದ ಮನೆಗೆ ಹೋಗುತ್ತಿತ್ತು. ಮುಕ್ಕಾಲು ಪಾಲು ಸುರುಳಿ ಸುತ್ತಿದ್ದ ಆ ಟ್ಯೂಬ್ ಮುಗಿಯುತ್ತ ಬಂದಾಗ ಇಂಥದ್ದೇ ಇನ್ನೊಂದು ಕೊಡಿ ಎಂದು ಅಕ್ಕನ ಅಂಗಡಿಗೆ ಹೋದೆ. ಅಲ್ಲಿಯವರೆಗೆ ಅವರ ಹತ್ತಿರ ಗ್ರೈಪ್ ವಾಟರ್ ಬಿಟ್ಟು ಬೇರೇನೂ ತಂದವಳಲ್ಲ.

ಅಕ್ಕ ಕನ್ನಡಕ ಏರಿಸಿದರು. ಟ್ಯೂಬಿನ ಮುಚ್ಚಳ ತೆಗೆದು ಮೂಸಿದರು. ಒಂದು ಕಾಗದದ ಮೇಲೆ ಚೂರು ಹಿಂಡಿದರು. ಮೊದಲು ಎಣ್ಣೆ ಬಂತು, ಆಮೇಲೆ ಹಳದಿ ಬಣ್ಣದ ರವೆರವೆ ಮುಲಾಮು ಬಂತು.

“ಇದು ಯಾರದು?”

“ನಂದೇ.”

“ನಿಮ್ದಲ್ಲ. ಯಾರದು?”

“ಪದ್ಮಮ್ಮೋರು ಕೊಟ್ರು.”

“ಎಷ್ಟು ದಿನದಿಂದ ಹಚ್ತಿದೀರಾ?”

“ಒಂದು ತಿಂಗಳಾಯ್ತೇನೋ. ಹಚ್ಚಿದ್ರೆ ಎರಡು ದಿನ ಕಮ್ಮಿ ಆಗುತ್ತೆ, ಮತ್ತೆ ಬರುತ್ತೆ.”

ಅವರು ಕತ್ತರಿ ತೆಗೆದುಕೊಂಡು ಟ್ಯೂಬನ್ನು ಕಚಕ್ಕೆಂದು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. ನನಗೆ ಮೈಯೆಲ್ಲ ಉರಿಯಿತು. ಇದೇನ್ರೀ ದೊಡ್ಡಸ್ತಿಕೆ, ಇನ್ನೊಬ್ಬರ ಸಾಮಾನು ಅದು, ಪದ್ಮಮ್ಮನಿಗೆ ಏನು ಹೇಳಲಿ ನಾನು ಎಂದು ಬಾಯಿಗೆ ಬಂದಂತೆ ಅಂದೆ. ಅಣ್ಣ ಪೇಪರಿನ ಹಿಂದೆ ಇನ್ನೂ ಕೆಳಗೆ ಇಳಿದರು. ಅಕ್ಕ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದು ಲೋಟ ನೀರು ಕೊಟ್ಟು, “ಮೊದ್ಲು ಡಾಕ್ಟ್ರಿಗೆ ಕೈ ತೋರಿಸಿ. ಚೀಟಿ ತನ್ನಿ. ಚೀಟಿ ಇಲ್ದೆ ಈ ಸ್ಟೀರಾಯ್ಡ್ ಜಾತಿ ಮುಲಾಮು ನಾನು ಕೊಡಲ್ಲ” ಎಂದರು.

ಹೋಗಬಾರದು ಎಂದುಕೊಂಡೇ ಹೋದೆ. ಬ್ಲಾಕಿನ ಡಾಕ್ಟರಿಗೆ ತೋರಿಸಿ ಚೀಟಿ ತಂದೆ. ಅಕ್ಕ ಹೊಸ ಟ್ಯೂಬನ್ನೂ ಜಿಡ್ಡಿನ ಡಬ್ಬಿಯನ್ನೂ ತೆಗೆದು, ಟ್ಯೂಬಿಗೆ ಪ್ಲಾಸ್ಟರ್ ಅಂಟಿಸಿ, “ವರಮಹಾಲಕ್ಷ್ಮಿ ಹೋದ ವಾರ ಆಯ್ತಲ್ವಾ?” ಎಂದು ಕೇಳಿ, ಬೆರಳು ಮಡಚಿ ಲೆಕ್ಕ ಹಾಕಿ, ‘ವರಮಹಾಲಕ್ಷ್ಮಿ – ನೀರು ತುಂಬುವ ಹಬ್ಬ’ ಎಂದು ಬರೆದರು. ನೀರು ತುಂಬುವ ಹಬ್ಬವೆಂದರೆ ದೀಪಾವಳಿಯ ಎಣ್ಣೆಸ್ನಾನದ ಹಿಂದಿನ ಸಂಜೆ.

“ಎರಡು ಅಂಗೈಗೆ ಸೇರಿ ಇಷ್ಟೇ” ಎಂದು ತೊಗರಿಕಾಳಿನಷ್ಟು ಹಿಂಡಿ ತೋರಿಸಿದರು. “ಡಾಕ್ಟ್ರು ಎಷ್ಟು ದಿನ ಅಂದಿದಾರೋ ಅಷ್ಟೇ ದಿನ. ಕಮ್ಮಿ ಆದ್ಮೇಲೆ ನಿಲ್ಲಿಸಿ, ಡಬ್ಬೀಲಿರೋ ಜಿಡ್ಡು ಹಚ್ಚಿ. ಈ ಟ್ಯೂಬು ಕೈಗೆ. ಮುಖಕ್ಕಲ್ಲ, ಮಿಕ್ಕಿದೋರಿಗಲ್ಲ.” ಆಮೇಲೆ, ನಾನು ಮಗುವಿನ ಮಾತೆತ್ತದೆಯೇ, “ಮಗು ಎಲ್ಲಿ? ಯಾವಾಗ್ಲೂ ನೀವೊಬ್ರೇ ಬರ್ತೀರಲ್ಲ?” ಎಂದರು.

ಅಷ್ಟು ಸಾಕಾಯಿತು ನನಗೆ. ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳದ ಹಾಗೆ ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಹಾಗೆಲ್ಲ ಬೆನ್ನು ಸವರುವ ಹೆಂಗಸಲ್ಲ. ಪ್ಲಾಸ್ಟರಿನ ಮೇಲೆ ಬರೆದದ್ದನ್ನು ತೋರಿಸಿ, “ನರಕ ಚತುರ್ದಶಿ ದಿನ ಮಗೂಗೆ ನೀವೇ ನೀರು ಹಾಕ್ಬೇಕು. ಅಲ್ಲಿವರೆಗೂ ಇದು ನಮ್ಮಿಬ್ರ ಕೆಲಸ” ಎಂದರು. ಇಸುಬು ಅಂಟುಜಾಡ್ಯವಲ್ಲ, ಒಬ್ಬರಿಂದ ಒಬ್ಬರಿಗೆ ಬರುವುದಿಲ್ಲ ಎಂದು ನನಗೆ ಮೊದಲು ಹೇಳಿದವರೂ ಅವರೇ. ಮನೆಗೆ ಹೋಗಿ ಅತ್ತೆಗೆ ಹೇಳಿದೆ. “ಅಂಗಡಿಯೋಳಿಗೆ ಏನು ಗೊತ್ತು, ಮಕ್ಕಳ ಹೆತ್ತೋಳಾ?” ಎಂದರು.

ಅಕ್ಕ ನನಗೆ ಒಂದು ಕೆಲಸ ಹಚ್ಚಿದರು. ಮನೆಯ ಕ್ಯಾಲೆಂಡರಿನಲ್ಲಿ ಪ್ರತಿದಿನ ಕೈ ಹೇಗಿದೆ ಎಂದು ಗುರುತು ಹಾಕಬೇಕು. ಉರಿ ಇದ್ದ ದಿನ ಗುಣಿಸುವ ಗುರುತು, ಇಲ್ಲದ ದಿನ ಸೊನ್ನೆ. ಮೂರು ವಾರ ಕಳೆದ ಮೇಲೆ ಕ್ಯಾಲೆಂಡರನ್ನೇ ಮೊಳೆಯಿಂದ ಬಿಚ್ಚಿ ಸುತ್ತಿಕೊಂಡು ಹೋದೆ. ಅವರು ಕೌಂಟರಿನ ಮೇಲೆ ಹರಡಿ ಪಂಚಾಂಗ ನೋಡುವವರ ಹಾಗೆ ಬಗ್ಗಿದರು. ಆ ಹೊತ್ತಿನಲ್ಲಿ ಅವರ ಮುಖ ನೋಡಬೇಕಿತ್ತು. ಕಾಯಿಲೆಯ ಸಂಕಟ ನನ್ನದು, ಸಂಭ್ರಮ ಅವರದು.

“ಬುಧವಾರ” ಎಂದರು. “ಮೂರು ಬುಧವಾರಾನೂ ಉರಿ. ಮಂಗಳವಾರ ಏನ್ಮಾಡ್ತೀರಾ ನೀವು?”

“ಏನಿಲ್ವಲ್ಲ. ಬನಶಂಕರಿಗೆ ಹೋಗಿ ದೀಪ...” ಎಂದವಳು ನಿಲ್ಲಿಸಿದೆ.

ಅಕ್ಕ ನಕ್ಕರು. ಅವರು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಣ್ಣ ಪೇಪರ್ ಇಳಿಸಿ ನೋಡಿದರು. “ಬಿರಿದಿರೋ ಕೈಗೆ ನಿಂಬೆಹಣ್ಣು ಹಿಂಡ್ಕೊಂಡು, ಕೈ ವಾಸಿ ಮಾಡು ತಾಯಿ ಅಂತ ಕೇಳ್ತಿದೀರಲ್ರೀ! ಅವಳು ತಾನೇ ಏನು ಮಾಡ್ಬೇಕು ಪಾಪ?” ಎಂದರು. ಹರಕೆ ಬಿಡಲಾ ಎಂದು ಹೆದರಿಕೊಂಡು ಕೇಳಿದೆ. “ಯಾಕ್ ಬಿಡ್ತೀರಾ? ಹಚ್ಚೋದು ನೀವು ಹಚ್ಚಿ. ಹಿಂಡೋದು ಬೇರೆಯೋರ ಕೈಲಿ ಹಿಂಡ್ಸಿ” ಎಂದರು. ಯಾರ ಕೈಲಿ ಹಿಂಡಿಸಲಿ? ಮುಂದಿನ ಮಂಗಳವಾರ ಎರಡೂವರೆಗೆ ಅಂಗಡಿ ಅಣ್ಣನಿಗೆ ಒಪ್ಪಿಸಿ, ಕೊಡೆ ಹಿಡಿದು, ಅವರೇ ಬಂದು ನಮ್ಮ ಗೇಟಿನ ಹತ್ತಿರ ನಿಂತಿದ್ದರು.

ಉಳಿದ ಮೂರು ಮಂಗಳವಾರವೂ ಅವರು ನನ್ನ ಜೊತೆ ನಡೆದರು. ದೇವರಲ್ಲಿ ಅವರಿಗೆ ಎಷ್ಟು ನಂಬಿಕೆ ಇತ್ತೋ ನನಗೆ ಗೊತ್ತಿಲ್ಲ, ಕೈ ಮುಗಿದದ್ದನ್ನು ನೋಡಿಲ್ಲ. ಕೂತು ಹಣ್ಣು ಹಿಂಡಿ ಬಟ್ಟಲು ಮಾಡಿ ಕೊಡುತ್ತಿದ್ದರು, ಅಷ್ಟೇ. ಅಲ್ಲಿಯೂ ಪ್ರಶ್ನೆ ಬಿಡಲಿಲ್ಲ. ದಿನಾ ಹಣ್ಣು ಮಾರುವಾಕೆಯನ್ನು, “ನಿಮ್ಮ ಕೈ ಯಾಕಮ್ಮ ಒಡೆದಿಲ್ಲ? ಏನು ಹಚ್ತೀರಾ?” ಎಂದು ಕೇಳಿ ಆಕೆಯನ್ನು ಗಾಬರಿಪಡಿಸಿದರು. ನಾನು ಗಮನಿಸಿದ್ದು ಇನ್ನೊಂದು. ನೂರಾರು ದೀಪ ಉರಿಯುವ ಕಡೆ ಬಂದ ಕೂಡಲೇ ಅವರು ಸೆರಗನ್ನು ಎಳೆದು ಎರಡೂ ಕೆನ್ನೆ ಮುಚ್ಚಿಕೊಂಡು ದೂರ ಹೋಗಿ ನಿಲ್ಲುತ್ತಿದ್ದರು. ವಾಪಸು ಬರುವಾಗ ನೋಡಿದರೆ ಕೆನ್ನೆ ಕೆಂಡದಂತಾಗಿರುತ್ತಿತ್ತು. ಕೇಳಬೇಕು ಎಂದು ನಾಲಿಗೆ ತುದಿಗೆ ಬಂದದ್ದನ್ನು ಎಷ್ಟು ಸಲ ನುಂಗಿದ್ದೇನೋ.

ನವರಾತ್ರಿಯ ಹೊತ್ತಿಗೆ ಕೈ ಹಿಡಿತಕ್ಕೆ ಬಂತು. ಬಿರುಕು ಕೂಡಿತು, ಗುಳ್ಳೆ ಇಂಗಿತು. ಅತ್ತೆಗೆ ತೋರಿಸಿದೆ. “ಮೇಲೆ ವಾಸಿಯಾಗಿದೆ, ಒಳಗೆ ಇರುತ್ತೆ” ಎಂದರು. ಇದರ ಮೇಲೆ ಪುಟ್ಟಿಯ ಎರಡೂ ಕೆನ್ನೆಗೆ ಕೆಂಪು ಕಂದು ಒರಟು ಮಚ್ಚೆ ಎದ್ದಿತು. “ನೋಡು, ಅಂಟಿತು!” ಎಂದರು ಅತ್ತೆ. ನಾನು ಮುಟ್ಟದೇ ಇದ್ದರೂ ಅಂಟಿತಂತೆ. ಆದರೆ ಆ ಹೊತ್ತಿಗೆ ವಾದ ಮಾಡುವ ಶಕ್ತಿ ನನಗಿರಲಿಲ್ಲ. ಅಕ್ಕ ಹೇಳಿದ್ದು ಸುಳ್ಳಿರಬಹುದೇ, ನನ್ನಿಂದಲೇ ಬಂತೇ ಎಂಬ ಹೆದರಿಕೆ ಹೊಕ್ಕುಬಿಟ್ಟಿತು. ಕೈಗೆ ಬಟ್ಟೆಯನ್ನು ನಾನೇ ಇನ್ನೊಂದು ಸುತ್ತು ಬಿಗಿದು, ದಿನವಿಡೀ ಬಿಚ್ಚದೆ ಇಟ್ಟುಕೊಂಡೆ. ವಿಚಿತ್ರವೆಂದರೆ ಮೂರು ದಿನದಲ್ಲಿ ಮಗುವಿನ ಕೆನ್ನೆ ನುಣ್ಣಗಾಯಿತು. ಅತ್ತೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ದೇವರು ದೊಡ್ಡವನು ಎಂದುಕೊಂಡೆ.

ವಿಜಯದಶಮಿ ಕಳೆದು ಎರಡು ದಿನಕ್ಕೆ, ಮತ್ತೆ ಬೇಕಾದೀತೆಂದು ತೆಗೆದು ನೋಡಿದರೆ ನನ್ನ ಟ್ಯೂಬ್ ಖಾಲಿಯಾಗಿತ್ತು. ಚೀಟಿ ಹಿಡಿದು ಅಂಗಡಿಗೆ ಹೋದೆ. ಅಕ್ಕ ಹಳೆ ಟ್ಯೂಬನ್ನು ಕೈಗೆ ತೆಗೆದುಕೊಂಡು ಪ್ಲಾಸ್ಟರ್ ಓದಿದರು, ಇನ್ನೊಂದು ಸಲ ಓದಿದರು.

“ನೀರು ತುಂಬೋ ಹಬ್ಬ ಇನ್ನೂ ದೂರ ಇದೆ. ಹೇಗೆ ಮುಗೀತು?”

“ಹಚ್ಕೊಂಡೆ, ಮುಗೀತು.”

“ದಿನಕ್ಕೆ ಎಷ್ಟು?”

“ತೊಗರಿಕಾಳಷ್ಟು. ಈಗ ಹತ್ತು ದಿನದಿಂದ ಹಚ್ಚೇ ಇಲ್ಲ.”

“ಹಚ್ಚೇ ಇಲ್ಲ!” ಎಂದರು. ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಹಂಗಾದ್ರೆ ಅರ್ಧ ಟ್ಯೂಬ್ ಇರ್ಬೇಕಿತ್ತು. ಮನೇಲಿ ಇನ್ಯಾರು ಹಚ್ತಿದಾರೆ? ಯಾರಿಗಾದ್ರೂ ಚರ್ಮಕ್ಕೆ ಏನಾದ್ರೂ ಆಗಿತ್ತಾ?”

ನನಗೆ ಪುಟ್ಟಿಯ ಕೆನ್ನೆ ಕಣ್ಣಮುಂದೆ ಬಂತು. ಬಾಯಿ ಬಿಡುವ ಮೊದಲೇ ಅವರಿಗೆ ಗೊತ್ತಾಯಿತು. ಅಕ್ಕ ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದರು. “ಅಣ್ಣ, ನೋಡ್ಕೋ” ಎಂದದ್ದಷ್ಟೇ. ನಾನು ಓಡುತ್ತಿದ್ದೆ, ಅವರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ನನ್ನ ಹಿಂದೆ ಬರುತ್ತಿದ್ದರು.

ಅತ್ತೆ ಜಗಲಿಯ ಮೇಲೆ ಪುಟ್ಟಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಪಕ್ಕದಲ್ಲಿ ಅವರ ಹಳೆಯ ಕುಂಕುಮದ ಭರಣಿ. ಅದರಲ್ಲಿ ಕುಂಕುಮ ಇರಲಿಲ್ಲ, ನನ್ನ ಟ್ಯೂಬಿನ ಮುಲಾಮು ಇತ್ತು. ದಿನಾ ಟ್ಯೂಬ್ ತೆಗೆದರೆ ನನ್ನ ಕಣ್ಣಿಗೆ ಬೀಳುತ್ತದೆಂದು ಒಂದೇ ಸಲ ಅದಕ್ಕೆ ಹಿಂಡಿಟ್ಟುಕೊಂಡಿದ್ದರು. ನಮ್ಮನ್ನು ನೋಡಿ ಭರಣಿಯನ್ನು ಸೆರಗಿನಡಿ ಸೇರಿಸಲು ಹೋದರು.

“ದಿನಕ್ಕೆ ಎಷ್ಟು ಸಲ ಹಚ್ತಿದೀರಮ್ಮ?” ಎಂದರು ಅಕ್ಕ.

“ಮೂರು ಸಲ. ಎಷ್ಟು ಚೆನ್ನಾಗಿ ವಾಸಿಯಾಯ್ತು ನೋಡಿ. ವಾಸಿ ಮಾಡೋ ಔಷಧಿ ತಾನೇ ಹಚ್ಚಿದ್ದು? ವಿಷ ಹಾಕಿದ್ನಾ?” ಅತ್ತೆಯ ದನಿ ಏರಿತು. ತಪ್ಪು ಮಾಡಿದವರ ದನಿಯಲ್ಲ ಅದು, ಮೊಮ್ಮಗಳನ್ನು ಯಾರಾದರೂ ಕಿತ್ತುಕೊಂಡಾರೆಂದು ಹೆದರಿದವರ ದನಿ.

ನಾನು ಕೂಗಾಡಬೇಕೆಂದು ಬಾಯಿ ತೆರೆದಿದ್ದೆ. ಅಕ್ಕ ಕೈ ಅಡ್ಡ ಹಿಡಿದರು. ಆಮೇಲೆ ಅವರು ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಜಗಲಿಯ ತುದಿಗೆ, ಬಿಸಿಲು ಬೀಳುತ್ತಿದ್ದ ಕಡೆಗೆ ಸರಿದು, ಅತ್ತೆಯ ಎದುರು ಕೂತು, ಕನ್ನಡಕ ತೆಗೆದು ಮುಖವನ್ನು ಮುಂದೆ ಚಾಚಿದರು.

“ನನ್ನ ಮುಖ ನೋಡಿ. ಹತ್ರ ನೋಡಿ, ಪರವಾಗಿಲ್ಲ.”

ಅತ್ತೆ ನೋಡಿದರು. ನಾನೂ ನೋಡಿದೆ. ರೂಜೂ ಅಲ್ಲ, ಕಾಶ್ಮೀರವೂ ಅಲ್ಲ. ಚರ್ಮ ಬತ್ತಿದ ಎಲೆಯಷ್ಟು ತೆಳ್ಳಗಿತ್ತು. ಅದರಡಿಯಲ್ಲಿ ಕೂದಲೆಳೆಯಂಥ ಕೆಂಪು ನರಗಳು ಕೆನ್ನೆ ತುಂಬ ಹರಡಿದ್ದವು.

“ಕಾಲೇಜಿಗೆ ಹೋಗ್ತಿದ್ದೆ. ಕೆನ್ನೆ ಮೇಲೆ ಎಂಟಾಣೆ ಅಗಲ ಇಸುಬಿತ್ತು” ಎಂದರು. “ಗಂಡಿನ ಕಡೆಯೋರು ನೋಡೋಕೆ ಬರ್ತಾರೆ ಅಂತ ನಮ್ಮಕ್ಕ ಒಂದು ಟ್ಯೂಬ್ ಕೊಟ್ಲು. ಯಾರೋ ಫಾರಿನ್ನಿಂದ ತಂದಿದ್ದು. ಎರಡೇ ದಿನಕ್ಕೆ ನುಣ್ಣಗಾಯ್ತು. ಬೆಳ್ಳಗೂ ಕಾಣ್ತು. ಎಲ್ರೂ ಹೊಗಳಿದ್ರು. ಬಿಟ್ರೆ ಮತ್ತೆ ಬರ್ತಿತ್ತು, ಅದಕ್ಕೆ ಬಿಡ್ಲಿಲ್ಲ. ಎರಡು ವರ್ಷ ಹಚ್ಕೊಂಡೆ. ಬೇಡ ಅಂತ ಹೇಳೋರು ಒಬ್ರೂ ಇರ್ಲಿಲ್ಲ. ಈಗ ಬಿಸಿಲಿಗೆ ಹೋದ್ರೆ ಉರಿ, ಒಲೆ ಮುಂದೆ ನಿಂತ್ರೆ ಉರಿ.” ಕನ್ನಡಕ ಮತ್ತೆ ಏರಿಸಿಕೊಂಡು, “ನಮ್ಮಕ್ಕ ಕೆಟ್ಟೋಳಲ್ಲ. ನಿಮ್ಮ ಹಾಗೇ, ಪ್ರೀತಿಗೆ ಕೊಟ್ಲು. ಇದೇನಾಯ್ತು ನಂಗೆ ಅಂತ ತಿಳ್ಕೊಳೋಕೇ ನಾನು ಆಮೇಲೆ ಫಾರ್ಮಸಿ ಓದಿದ್ದು” ಎಂದರು.

ಅತ್ತೆಯ ಕಣ್ಣು ಆ ಕೆನ್ನೆಯಿಂದ ಮೊಮ್ಮಗಳ ಕೆನ್ನೆಗೆ ಇಳಿಯಿತು. “ನನ್ನ ಕೂಸಿಗೂ ಹಿಂಗಾಗುತ್ತಾ?”

“ಆಗಲ್ಲ. ನೀವು ಹಚ್ಚಿ ಎರಡು ವಾರಾನೂ ಆಗಿಲ್ಲ. ಇವತ್ತೇ ಡಾಕ್ಟ್ರಿಗೆ ತೋರ್ಸೋಣ. ನಿಲ್ಲಿಸಿದ್ಮೇಲೆ ಸ್ವಲ್ಪ ದಿನ ಕೆಂಪಾಗುತ್ತೆ, ಹೆದರ್ಕೊಂಡು ಮತ್ತೆ ಹಚ್ಬೇಡಿ.” ಇಷ್ಟು ಹೇಳಿ ಅಕ್ಕ ನನ್ನ ಕಡೆ ತಿರುಗಿದರು. ನನ್ನ ಬಲಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಆ ಬರಿಗೈಯನ್ನು ಹಿಡಿದು ತಮ್ಮ ಕೆನ್ನೆಗೆ ಒತ್ತಿಕೊಂಡರು. ಗಾಳಿ ತಾಕಿದರೂ ಉರಿಯುವ ಆ ಕೆನ್ನೆಗೆ.

“ಅಂಟೋ ಹಾಗಿದ್ರೆ ನನಗೆ ಅಂಟ್ಲಿ” ಎಂದರು.

ಅವತ್ತು ಸಂಜೆ ನಾವು ಮೂವರೂ ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ದೆವು. ತಾಯಿಗೆ ಇದ್ದರೆ ಮಕ್ಕಳಿಗೂ ಇಂಥ ಒಣ ಚರ್ಮ ಹುಟ್ಟಿನಿಂದಲೇ ಬರುತ್ತದೆ, ಮುಟ್ಟಿದ್ದರಿಂದಲ್ಲ ಎಂದು ಅವರೂ ಹೇಳಿದರು. ಅಕ್ಕ ಹೇಳಿದ ಹಾಗೆಯೇ ಕೆನ್ನೆ ಮತ್ತೆ ಕೆಂಪಾಗಿ, ಬರೀ ಜಿಡ್ಡಿನ ಮುಲಾಮಿನಲ್ಲಿ ನಿಧಾನವಾಗಿ ಇಳಿಯಿತು. ಅಷ್ಟು ದಿನವೂ ಅತ್ತೆ ಮರದ ಚಮಚ ಹಿಡಿದು ಡಬ್ಬಿಯಿಂದ ತೆಗೆದು ಕೊಡುತ್ತಿದ್ದರು, ನಾನು ಹಚ್ಚುತ್ತಿದ್ದೆ. ಕುಂಕುಮದ ಭರಣಿಯನ್ನು ತೊಳೆದು ಒಣಗಿಸಿ ದೇವರ ಮನೆಗೆ ವಾಪಸು ಇಟ್ಟರು. ಕ್ಷಮಿಸು ಎಂದು ಅವರೂ ಹೇಳಲಿಲ್ಲ, ನಾನೂ ಕಾಯಲಿಲ್ಲ.

ನರಕ ಚತುರ್ದಶಿಯ ಬೆಳಿಗ್ಗೆ ಎದ್ದು ಬಚ್ಚಲಿಗೆ ಬಂದರೆ ಹಂಡೆ ಕಾದಿತ್ತು, ಎಣ್ಣೆ ಬೆಚ್ಚಗಿತ್ತು, ಅತ್ತೆ ಮಣೆ ಹಾಕಿ ಬದಿಗೆ ನಿಂತಿದ್ದರು. “ಬಾಮ್ಮ. ಕಾಲು ನೀಡ್ಕೊಂಡು ಕೂತ್ಕೋ” ಎಂದರು. ಆಮೇಲೆ, ಮುಖ ಬೇರೆ ಕಡೆ ಮಾಡಿಕೊಂಡು, “ಕೈ ತೊಳ್ಕೊಂಡ್ಯಾ?” ಎಂದು ಕೇಳಿದರು. ಆ ಪ್ರಶ್ನೆ ಎಲ್ಲಿಂದ ಬಂದದ್ದೆಂದು ಇಬ್ಬರಿಗೂ ಗೊತ್ತಿತ್ತು. ಸೀಗೆಪುಡಿಯನ್ನು ನನ್ನ ಕೈಗೆ ಬೇಡವೆಂದು ಅವರೇ ಕಲಸಿ ಹಾಕಿದರು. ಪುಟ್ಟಿ ಬೀದಿಗೆಲ್ಲ ಕೇಳುವಂತೆ ಕಿರುಚಿದಳು. ನಾನು ಅವಳ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೆಂದರೆ ನೀರು ಆರಿ ಅತ್ತೆ ಇನ್ನೊಂದು ಚೊಂಬು ಬಿಸಿನೀರು ಬೆರೆಸಬೇಕಾಯಿತು. ಮೆತ್ತಗಿತ್ತು ಕೆನ್ನೆ. ಬಿಸಿಯಾಗಿತ್ತು.

ಆಮೇಲಿನ ವರ್ಷಗಳಲ್ಲಿ ಅಕ್ಕ ನಮ್ಮ ಮನೆಗೆ ಹಬ್ಬಕ್ಕೆ ಬರುವವರಾದರು. ತಾವೇ ಬರೆದ ಟ್ಯೂಬುಗಳು ಹೊರಗೆ ಹೋಗಿವೆಯೋ ಇಲ್ಲವೋ ಎಂದು ಒಬ್ಬಟ್ಟು ತಿನ್ನುವ ಮೊದಲು ನಮ್ಮ ಗೂಡು ತಡಕುತ್ತಿದ್ದರು. ಪುಟ್ಟಿ ಮಾತು ಕಲಿತ ಮೇಲೆ, ಇಡೀ ಬೀದಿ ಕೇಳಲಾರದೆ ಹೋದದ್ದನ್ನು ಒಂದೇ ಸಲಕ್ಕೆ ಕೇಳಿದಳು: “ನಿನ್ ಕೆನ್ನೆ ಯಾಕೆ ಕೆಂಪು?” ನಾನು ನಾಲಿಗೆ ಕಚ್ಚಿಕೊಂಡೆ. ಅಕ್ಕ ಒಂದು ಚೂರೂ ಬೇಜಾರಾಗದೆ, ದೊಡ್ಡವರಿಗೆ ಹೇಳುವಂತೆ ಮೊದಲಿನಿಂದ ಕೊನೆಯವರೆಗೆ ಹೇಳಿದರು. ಯಾರಾದರೂ ಕೇಳಲಿ ಎಂದು ಇಷ್ಟು ವರ್ಷ ಕಾದಿದ್ದರೇನೋ ಅನ್ನಿಸಿತು ನನಗೆ. ನಾವೇ ಕೇಳಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರಿಗೆ ಹೊಟ್ಟೆಯ ಕಾಯಿಲೆ ಬಂತು. ಆರೇಳು ತಿಂಗಳು ನರಳಿ, ಒಂದು ಚಳಿಗಾಲದ ಬೆಳಿಗ್ಗೆ ಹೋದರು. 

ಅಂಗಡಿಯ ಹಿಂದೆಯೇ ಅವರ ಮನೆ. ಅತ್ತೆಯನ್ನು ಕೈಹಿಡಿದು ನಡೆಸಿಕೊಂಡು ಹೋದೆ. ಹಿತ್ತಲಲ್ಲಿ ನೀರು ಕಾಯುತ್ತಿತ್ತು. ಮೈ ತೊಳೆಸುವುದಕ್ಕೆ ಹೆಂಗಸರು ಸೇರಿದ್ದರು. ಮುಖ ತೊಳೆಸಲು ನಾನು ಮುಂದೆ ಬಂದಾಗ, ಊರಿನಿಂದ ಬಂದಿದ್ದ ಅವರ ನೆಂಟರೊಬ್ಬರು ನನ್ನ ಕೈ ನೋಡಿದರು. ಇಸುಬು ನನ್ನನ್ನು ಪೂರ್ತಿ ಬಿಟ್ಟುಹೋದದ್ದಲ್ಲ, ಪ್ರತಿ ಚಳಿಗಾಲಕ್ಕೂ ಬಂದು ಹೋಗುತ್ತದೆ. ಅವತ್ತೂ ಬೆರಳು ಬಿರಿದಿದ್ದವು.

“ಕೈಗೆ ಏನೋ ಆಗಿದೆಯಲ್ಲ. ಇವರು ಮುಟ್ಟೋದು ಬೇಡ, ಬೇರೆ ಯಾರಾದ್ರೂ ಬನ್ನಿ” ಎಂದರು.

ನಾನು ಹಿಂದೆ ಸರಿದೆ. ಹಳೆಯ ಅಭ್ಯಾಸ. ಅಷ್ಟರಲ್ಲಿ ಗೋಡೆ ಹಿಡಿದು ನಿಂತಿದ್ದ ನಮ್ಮತ್ತೆ, ಆ ವಯಸ್ಸಿನಲ್ಲಿ ಎಲ್ಲಿತ್ತೋ ಅಷ್ಟು ದನಿ, “ಅಂಟೋದಲ್ಲ ಅದು!” ಎಂದು ಗದರಿಸಿದರು. “ನನ್ನ ಮೊಮ್ಮಗಳನ್ನ ಬೆಳೆಸಿದ ಕೈ ಅದು. ಅವಳೇ ತೊಳೀಲಿ.”

ಹೆಂಗಸರು ದಾರಿ ಬಿಟ್ಟರು. ನಾನು ಹಿತ್ತಲ ನಲ್ಲಿಗೆ ಹೋಗಿ, ಮೊದಲು ಕೈ ತೊಳೆದುಕೊಂಡು ಬಂದೆ.